ಪರರ ಒಲೆಯ ಮುಂದೆ ಒಂದು ಜೀವಮಾನ

ಸ್ವೀಡನ್ ದೇಶದ ಹದಿನೆಂಟನೆಯ ಶತಮಾನ ಎಂದೊಡನೆ ಓದಿದವರ ನೆನಪಿಗೆ ಬರುವ ಹೆಸರು ಗಿಡಮರಗಳಿಗೆಲ್ಲ ನಾಮಕರಣ ಮಾಡಿದ ಲಿನೇಯಸನದು. ಉಷ್ಣಮಾಪಕಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ಸೆಲ್ಸಿಯಸನೂ ಆ ಕಾಲದವನೇ. ಸೆಲ್ಸಿಯಸ್ ಹುಟ್ಟಿದ್ದು 1701ರಲ್ಲಿ, ಲಿನೇಯಸ್ 1707ರಲ್ಲಿ. ಇವರಿಬ್ಬರ ನಡುವೆ, 1703ರಲ್ಲಿ ಹುಟ್ಟಿದ ಒಬ್ಬ ಹೆಂಗಸಿನ ಹೆಸರು ನಮ್ಮ ಕಡೆ ಯಾರಿಗೂ ಅಷ್ಟಾಗಿ ತಿಳಿಯದು. ಆದರೆ ಸ್ವೀಡನ್ನಿನ ಅಡಿಗೆಮನೆಗಳಲ್ಲಿ ಆ ಇಬ್ಬರು ವಿದ್ವಾಂಸರಿಗಿಂತ ಹೆಚ್ಚು ಬಳಕೆಯಲ್ಲಿರುವುದು ಆಕೆಯ ಹೆಸರೇ. ಅವಳು ಕೈಸಾ ವಾರ್ಗ್. ಯಾವುದೇ ಪೀಠದಲ್ಲಿ ಕುಳಿತವಳಲ್ಲ; ದೊಡ್ಡವರ ಮನೆಗಳಲ್ಲಿ ಅಡಿಗೆಯ ಮೇಲ್ವಿಚಾರಣೆ ನೋಡಿಕೊಂಡು ಸಂಬಳಕ್ಕೆ ದುಡಿದವಳು. ಬದುಕಿನ ಐವತ್ತೆರಡನೆಯ ವರ್ಷದಲ್ಲಿ ಒಂದು ಪುಸ್ತಕವನ್ನು ಹೊರತಂದಳು. ಆ ಒಂದು ಪುಸ್ತಕ ಆಕೆಯನ್ನು ಮರಣದಿಂದ ಕಾಪಾಡಿದೆ.

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ನನಗೂ ಸ್ವೀಡನ್ನಿನ ಅಡಿಗೆಯವಳಿಗೂ ಎತ್ತಣಿಂದೆತ್ತ ಸಂಬಂಧ ಎಂದು ಓದುಗರು ಕೇಳಬಹುದು. ಮೂರನೆಯ ಮಂಗರಸನ ಸೂಪಶಾಸ್ತ್ರವನ್ನು ತರಗತಿಯಲ್ಲಿ ಪ್ರಸ್ತಾಪಿಸುವಾಗಲೆಲ್ಲ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು, ಅಡಿಗೆಯನ್ನು ಬರೆದರೆ ಅದು ಸಾಹಿತ್ಯ ಹೇಗಾದೀತು ಎಂಬ ಸಂದೇಹವನ್ನು ಎತ್ತುವುದುಂಟು. ಮಂಗರಸ ಷಟ್ಪದಿಯಲ್ಲಿ ಬರೆದನಾದ್ದರಿಂದ ಅವನ ಪಕ್ಷವನ್ನು ಹೇಗೋ ವಹಿಸಬಹುದು. ಛಂದಸ್ಸಿನ ಆಸರೆಯಿಲ್ಲದೆ, ಬರಿಯ ಗದ್ಯದಲ್ಲಿ, ಸ್ವತಃ ಒಲೆಯ ಮುಂದೆ ನಿಂತು ಬೆವರಿದವರು ಬರೆದ ಪುಸ್ತಕಗಳಿವೆಯೇ ಎಂದು ಹುಡುಕುತ್ತ ಹೋದಾಗ ನನಗೆ ದೊರೆತವಳು ಕೈಸಾ ವಾರ್ಗ್. ಅಂದಿನಿಂದ ಈಕೆ ನನ್ನ ಮನಸ್ಸನ್ನು ಬಿಟ್ಟಿಲ್ಲ.

ಆಕೆಯ ಪೂರ್ಣ ಹೆಸರು ಅನ್ನಾ ಕ್ರಿಸ್ತೀನಾ ವಾರ್ಗ್. ಕೈಸಾ ಎಂಬುದು ಮುದ್ದಿನ ಹೆಸರು. ವಾರ್ಗ್ ಎಂಬ ಮನೆತನದ ಹೆಸರಿಗೆ ಆ ಭಾಷೆಯಲ್ಲಿ ತೋಳ ಎಂಬ ಅರ್ಥವಿದೆ. ಹುಟ್ಟಿದ್ದು 1703ರ ಮಾರ್ಚಿ ತಿಂಗಳಲ್ಲಿ, ಎರೆಬ್ರೂ ಎಂಬ ಊರಿನಲ್ಲಿ. ಸ್ಟಾಕ್‌ಹೋಮಿಗೆ ಪಶ್ಚಿಮದಲ್ಲಿ, ಯೆಲ್ಮಾರೆನ್ ಸರೋವರದ ಬಳಿ ಇರುವ ಊರು ಅದು. ನಡುವೆ ಹೊಳೆ, ಹೊಳೆಯ ಮೇಲೊಂದು ಹಳೆಯ ಕೋಟೆ. ತಂದೆ ಲೆಕ್ಕಪತ್ರ ನೋಡುವ ಗುಮಾಸ್ತ. ಆತ ತೀರಿಕೊಂಡ ಬಳಿಕ ತಾಯಿ ಮರುಮದುವೆಯಾದಳು. ಮಗಳು ಚಿಕ್ಕ ವಯಸ್ಸಿನಲ್ಲಿಯೇ ಪರರ ಮನೆಯ ಊಳಿಗಕ್ಕೆ ಸೇರಿದಳು.

ಆಕೆ ಬೆಳೆದ ಕಾಲ ಸುಖದ ಕಾಲವಲ್ಲ. ಹನ್ನೆರಡನೆಯ ಕಾರ್ಲ್ ದೊರೆ ರಷ್ಯದ ಮೇಲೆ ಹೂಡಿದ ಯುದ್ಧ 1709ರಲ್ಲಿ ಪೊಲ್ಟಾವದಲ್ಲಿ ಮುರಿದುಬಿತ್ತು. ಮರುವರ್ಷ ಸ್ಟಾಕ್‌ಹೋಮಿಗೆ ಪ್ಲೇಗು ಹೊಕ್ಕು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ದೊರೆ 1718ರಲ್ಲಿ ಗುಂಡೇಟಿಗೆ ಸತ್ತ. 1721ರ ಒಪ್ಪಂದದೊಡನೆ ಸ್ವೀಡನ್ನಿನ ಸಾಮ್ರಾಜ್ಯದ ಕನಸೂ ಸತ್ತಿತು. ಕೈಸಾ ಆಗ ಹದಿನೆಂಟು ವರ್ಷದ ಹುಡುಗಿ. ಗೆದ್ದ ದೇಶಗಳನ್ನು ಕಳೆದುಕೊಂಡ ನಾಡು ತನ್ನ ಹೊಲ, ತನ್ನ ಕಾಡು, ತನ್ನ ಕಣಜ ಇವುಗಳ ಕಡೆಗೆ ದೃಷ್ಟಿ ತಿರುಗಿಸಿದ ಕಾಲವದು. ಮನೆವಾರ್ತೆಯನ್ನು ಅಚ್ಚುಕಟ್ಟಾಗಿ ನಡೆಸುವುದು ದೇಶಸೇವೆಯೇ ಎಂಬ ಭಾವನೆ ಬೆಳೆದುಬಂದದ್ದು ಆಗ. ಈ ಹಿನ್ನೆಲೆಯಿಲ್ಲದೆ ಆಕೆಯ ಪುಸ್ತಕ ಅಷ್ಟು ಬೇಗ ಜನರ ಕೈಸೇರುತ್ತಿರಲಿಲ್ಲವೆಂದು ತೋರುತ್ತದೆ.

ಕೈಸಾ ಸ್ಟಾಕ್‌ಹೋಮಿನಲ್ಲಿ ಸ್ಟಾಕೆಲ್‌ಬೆರ್ಗ್, ಕ್ಲಿಂಕೋವ್‌ಸ್ಟ್ರೋಮ್ ಮೊದಲಾದ ಕುಲೀನ ಮನೆತನಗಳಲ್ಲಿ ಮನೆವಾರ್ತೆಯ ಮೇಲ್ವಿಚಾರಕಿಯಾಗಿ ಕೆಲಸಮಾಡಿದಳು. ಈ ಹುದ್ದೆ ಬರಿಯ ಅಡಿಗೆಯವಳದಲ್ಲ. ಕಣಜದ ಬೀಗದಕೈ ಅವಳ ಸೊಂಟದಲ್ಲಿ. ಮಾಂಸ ಎಷ್ಟು ಬಂತು, ಬೆಣ್ಣೆ ಎಷ್ಟು ಮುಗಿಯಿತು, ಮೇಣದ ಬತ್ತಿ ಎಷ್ಟು ಉರಿಯಿತು ಎಂಬ ಲೆಕ್ಕ ಅವಳ ತಲೆಯಲ್ಲಿ. ಕೈಕೆಳಗಿನ ಹುಡುಗಿಯರಿಗೆ ಕೆಲಸ ಕಲಿಸುವ ಹೊಣೆಯೂ ಅವಳದೇ. ಯಜಮಾನಿತಿಯ ಮಾನ ಅತಿಥಿಗಳ ಮುಂದೆ ಉಳಿಯಬೇಕಾದರೆ ಇವಳ ಕೈ ನೆಟ್ಟಗಿರಬೇಕು. ಆದರೆ ಊಟ ಚೆನ್ನಾಗಿತ್ತೆಂಬ ಕೀರ್ತಿ ಮಾತ್ರ ಯಜಮಾನಿತಿಗೆ. ಕೈಸಾ ಮದುವೆಯಾಗಲಿಲ್ಲ. ಬಾಳಿನ ಉತ್ತಮ ಭಾಗವನ್ನು ಪರರ ಒಲೆಯ ಮುಂದೆಯೇ ಕಳೆದಳು.

ಆ ಒಲೆ ಎಂಥದೆಂಬುದನ್ನು ಇಲ್ಲಿ ಹೇಳಬೇಕು. ಬೆಂಕಿಯನ್ನು ಮುಚ್ಚಿಟ್ಟು ಹದಮಾಡುವ ಕಬ್ಬಿಣದ ಒಲೆ ಸ್ವೀಡನ್ನಿನ ಮನೆಗಳಿಗೆ ಬಂದದ್ದು ಮುಂದಿನ ಶತಮಾನದಲ್ಲಿ. ಕೈಸಾಳದು ತೆರೆದ ಒಲೆ. ಕಲ್ಲಿನ ಜಗಲಿಯ ಮೇಲೆ ಉರಿಯುವ ಸೌದೆ, ಕೆಂಡದ ಮೇಲೆ ಮೂರು ಕಾಲಿನ ಪಾತ್ರೆ, ಮಾಂಸವನ್ನು ಚುಚ್ಚಿ ತಿರುಗಿಸಲು ಕಬ್ಬಿಣದ ಕಂಬಿ, ಗೋಡೆಯೊಳಗೆ ರೊಟ್ಟಿ ಬೇಯಿಸುವ ಗೂಡು. ಶಾಖವನ್ನು ಅಳೆಯುವ ಸಾಧನವಿಲ್ಲ. ಸೆಲ್ಸಿಯಸನ ಮಾಪಕ ಅವನ ಪ್ರಯೋಗಶಾಲೆಯಲ್ಲಿತ್ತು. ಕೈಸಾಳದು ಅವಳ ಅಂಗೈಯಲ್ಲಿತ್ತು. ರೊಟ್ಟಿಯನ್ನು ಉಬ್ಬಿಸುವ ಇಂದಿನ ಪುಡಿಗಳೂ ಇರಲಿಲ್ಲ. ಯವಸುರೆಯನ್ನು ಕಾಯಿಸುವಾಗ ದೊರೆಯುವ ಹುದುಗು, ಇಲ್ಲವೆ ತೋಳು ಸೋಲುವವರೆಗೆ ಕಡೆದ ಮೊಟ್ಟೆ, ಇವೇ ಗತಿ. ತೂಕಕ್ಕೆ 425 ಗ್ರಾಮಿನಷ್ಟಾಗುವ ಸ್ಕೋಲ್‌ಪುಂಡ್, ದ್ರವಕ್ಕೆ ಎರಡೂವರೆ ಲೀಟರಿಗೂ ಸ್ವಲ್ಪ ಹೆಚ್ಚಾದ ಕನ್ನ. ಈ ಅಳತೆಗಳನ್ನೇ ಆಕೆ ಪುಸ್ತಕದಲ್ಲೂ ಬಳಸಿದಳು.

ಆ ಅಡಿಗೆಮನೆಯ ನಿಜವಾದ ಒಡೆಯ ಋತುಮಾನ. ವರ್ಷದಲ್ಲಿ ಆರು ತಿಂಗಳು ನೆಲ ಹೆಪ್ಪುಗಟ್ಟುವ ಅಥವಾ ಬರಿದಾಗಿರುವ ದೇಶದಲ್ಲಿ, ಉಳಿದ ಆರು ತಿಂಗಳು ದುಡಿಯುವುದೆಲ್ಲ ಆ ಆರು ತಿಂಗಳ ಹೊಟ್ಟೆಗಾಗಿ. ನಮ್ಮ ಮನೆಗಳಲ್ಲಿ ಬೇಸಿಗೆಯ ಬಿಸಿಲಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಮಳೆಗಾಲಕ್ಕೆ ಎತ್ತಿಡುವವರಿಗೆ ಈ ತರ್ಕ ಸುಲಭವಾಗಿ ತಿಳಿಯುತ್ತದೆ. ಪ್ರಮಾಣ ಮಾತ್ರ ಬೇರೆ.

ಶರತ್ಕಾಲದಿಂದ ಆರಂಭಿಸೋಣ. ಕಾಡಿನಲ್ಲಿ ಕೆಂಪಗೆ ಹಣ್ಣಾಗುವ ಹುಳಿ ಲಿಂಗೊನ್ ಹಣ್ಣುಗಳನ್ನು ಬಿಡಿಸಿ ತುಂಬಿಡುವ ಕೆಲಸ ಮುಗಿಯುತ್ತಿದ್ದಂತೆ ನವೆಂಬರ್ ಬರುತ್ತದೆ. ಮೇವು ಸಾಲದು ಎಂಬ ಕಾರಣಕ್ಕೆ ಚಳಿಗಾಲಕ್ಕೆ ಉಳಿಸಿಕೊಳ್ಳಲಾಗದ ಪ್ರಾಣಿಗಳನ್ನು ಕಡಿಯುವ ತಿಂಗಳು ಅದು. ಮಾಂಸದ ಬಹುಭಾಗ ಉಪ್ಪಿನ ಪೀಪಾಯಿಗೆ ಹೋಗುತ್ತದೆ, ಕೆಲಭಾಗ ಹೊಗೆಗೆ. ರಕ್ತವೂ ವ್ಯರ್ಥವಾಗದು, ಸಂತ ಮಾರ್ಟಿನನ ಹಬ್ಬದ ಬಾತುಕೋಳಿಯ ಊಟಕ್ಕೆ ದಕ್ಷಿಣದ ಸ್ಕೋನೆ ಪ್ರಾಂತದಲ್ಲಿ ಕಪ್ಪು ಸಾರು ಮಾಡುವುದು ಅದರಿಂದಲೇ. ರೊಟ್ಟಿಯ ಕಥೆಯೂ ಹೀಗೆ. ಮಧ್ಯ ಸ್ವೀಡನ್ನಿನಲ್ಲಿ ರೈ ಧಾನ್ಯದ ಗಟ್ಟಿ ರೊಟ್ಟಿಯನ್ನು ವರ್ಷಕ್ಕೆ ಎರಡೇ ಸಲ ಸುಡುತ್ತಿದ್ದರು: ಸುಗ್ಗಿಯಾದ ಮೇಲೊಮ್ಮೆ, ವಸಂತದಲ್ಲಿ ಹೊಳೆಯ ಮಂಜು ಕರಗಿ ಬೀಸುವ ಯಂತ್ರ ತಿರುಗತೊಡಗಿದಾಗ ಇನ್ನೊಮ್ಮೆ. ನಡುವೆ ತೂತಿರುವ ಈ ಬಿಲ್ಲೆಗಳನ್ನು ಗಳುವಿಗೆ ಪೋಣಿಸಿ ಸೂರಿನ ಕೆಳಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ.

ಡಿಸೆಂಬರ್ 9 ಅನ್ನಾಳ ದಿನ. ಒಣಗಿದ ಮೀನನ್ನು ಕ್ರಿಸ್‌ಮಸ್ ಊಟಕ್ಕಾಗಿ ಕ್ಷಾರದ ನೀರಿನಲ್ಲಿ ನೆನೆಹಾಕುವುದು ಆ ದಿನ. ಕಟ್ಟಿಗೆಯಂತಿದ್ದ ಮೀನು ಎರಡು ವಾರದಲ್ಲಿ ಉಬ್ಬಿ ಮೃದುವಾಗುತ್ತದೆ. ಮತ್ತೆ ಮತ್ತೆ ತೊಳೆದು ಕ್ಷಾರವನ್ನು ತೆಗೆಯದಿದ್ದರೆ ತಿನ್ನುವಂತಿಲ್ಲ. ಅನ್ನಾ ಎಂಬ ಹೆಸರಿನವಳೇ ಆದ ಕೈಸಾ ತನ್ನ ನಾಮದಿನಗಳನ್ನು ಎಷ್ಟು ಸಲ ಈ ಕೆಲಸದಲ್ಲಿ ಕಳೆದಿರಬಹುದೋ! ಕ್ರಿಸ್‌ಮಸ್ಸಿಗೆ ಹಂದಿಯ ತೊಡೆ, ಗಂಜಿ, ಶುಂಠಿ ಮತ್ತು ಮಸಾಲೆ ಹಾಕಿದ ಬಿಸ್ಕತ್ತು. ಉಪವಾಸದ ದಿನಗಳಿಗೆ ಮುನ್ನ ಬಿಸಿಹಾಲಿನ ಬಟ್ಟಲಿನಲ್ಲಿ ಇಟ್ಟುಕೊಡುವ ಗೋದಿಯ ಉಬ್ಬುರೊಟ್ಟಿ. ಇಂದು ಸೆಮ್ಲ ಎಂಬ ಹೆಸರಿನಲ್ಲಿ ಬಾದಾಮಿ ಹೂರಣ, ಕೆನೆ ತುಂಬಿಕೊಂಡು ಮೆರೆಯುವುದು ಅದರ ಸಂತತಿ. ಮಾರ್ಚ್ 25 ಮೇರಿಮಾತೆಯ ದಿನ. ಅದರ ಹೆಸರು ಜನರ ನಾಲಗೆಯಲ್ಲಿ ಸವೆದು ದೋಸೆಯಂಥ ವಾಫಲ್ ತಿಂಡಿಯ ಹೆಸರಿನಂತೆ ಕೇಳಿಸತೊಡಗಿ, ಈಗ ಅದು ವಾಫಲ್ ದಿನವೇ ಆಗಿಬಿಟ್ಟಿದೆ. ಭಾಷಾಶಾಸ್ತ್ರದ ಅಧ್ಯಾಪಕರಿಗೆ ಇಷ್ಟು ರುಚಿಯಾದ ಉದಾಹರಣೆ ಬೇರೆ ಸಿಕ್ಕುವುದು ಕಷ್ಟ.

ವಸಂತದಲ್ಲಿ ನೆಲದಿಂದ ಮೊದಲು ತಲೆಯೆತ್ತುವ ಹಸುರೆಂದರೆ ತುರುಚೆ ಸೊಪ್ಪು. ಮುಟ್ಟಿದರೆ ಕೈ ಉರಿಯುವ ಆ ಎಳೆ ಸೊಪ್ಪನ್ನು ಬೇಯಿಸಿ ಸಾರು ಮಾಡುತ್ತಾರೆ. ಉಪ್ಪುಮಾಂಸದಿಂದ ಬೇಸತ್ತ ನಾಲಗೆಗೆ ಅದು ಅಮೃತವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬೇಸಿಗೆ ಹಾಲು ಬೆಣ್ಣೆಗಳ ಕಾಲ, ತಾಜಾ ಮೀನಿನ ಕಾಲ. ಇಂದು ಬೇಸಿಗೆಯ ನಡುಹಬ್ಬದ ಊಟಕ್ಕೆ ಹೊಸ ಆಲೂಗೆಡ್ಡೆ ಬೇಕೇ ಬೇಕು. ಕೈಸಾಳ ಕಾಲದಲ್ಲಿ ಅದು ಜನರ ತಟ್ಟೆಗೆ ಇನ್ನೂ ಸರಿಯಾಗಿ ಇಳಿದಿರಲಿಲ್ಲ. ಏವಾ ಎಕೆಬ್ಲಾಡ್ ಎಂಬ ಕೌಂಟೆಸ್ ಆಲೂಗೆಡ್ಡೆಯಿಂದ ಹಿಟ್ಟು ಮತ್ತು ಮದ್ಯವನ್ನು ತೆಗೆಯುವ ಕ್ರಮವನ್ನು ತೋರಿಸಿ 1748ರಲ್ಲಿ ರಾಯಲ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದಳು. ಆ ಗೌರವ ಪಡೆದ ಮೊದಲ ಮಹಿಳೆ ಅವಳು. ಅದೇ ಕಾಲದಲ್ಲಿ ಕೈಸಾ ಅಡಿಗೆಮನೆಯಲ್ಲಿ ನೂರಾರು ಪ್ರಯೋಗಗಳನ್ನು ಮಾಡುತ್ತಿದ್ದಳು. ಅವಳನ್ನು ಯಾವ ಅಕಾಡೆಮಿಯೂ ಕರೆಯಲಿಲ್ಲ.

1753ರಲ್ಲಿ ಒಂದು ವಿಚಿತ್ರ ನಡೆಯಿತು. ಸ್ವೀಡನ್ ಹಳೆಯ ಪಂಚಾಂಗವನ್ನು ಬಿಟ್ಟು ಹೊಸದನ್ನು ಹಿಡಿದದ್ದರಿಂದ ಫೆಬ್ರವರಿ 17ರ ಮರುದಿನ ಮಾರ್ಚ್ 1 ಆಯಿತು. ಸಂತರ ದಿನಗಳನ್ನು ನೋಡಿಕೊಂಡು ಮೀನು ನೆನೆಹಾಕಿ ರೊಟ್ಟಿ ಸುಡುವವರಿಗೆ ಹನ್ನೊಂದು ದಿನ ಕೈತಪ್ಪಿದಂತಾಯಿತು. ಅಧಿಕಾರಿಗಳು ತಾರೀಖನ್ನು ಬದಲಾಯಿಸಬಹುದು; ಕಣಜದಲ್ಲಿ ಉಳಿದ ರೊಟ್ಟಿ ಎಷ್ಟು ದಿನಕ್ಕೆ ಸಾಕೆಂಬ ಲೆಕ್ಕ ಮನೆವಾರ್ತೆಯವರಿಗೇ ಬಿಟ್ಟದ್ದು.

ಇದಾದ ಎರಡು ವರ್ಷಕ್ಕೆ, 1755ರಲ್ಲಿ, ಕೈಸಾಳ ಪುಸ್ತಕ ಅಚ್ಚಾಗಿ ಹೊರಬಂದಿತು. ಅದರ ಉದ್ದವಾದ ಹೆಸರನ್ನು ತರುಣಿಯರಿಗೆ ಮನೆವಾರ್ತೆಯಲ್ಲಿ ನೆರವು ಎಂದು ಕನ್ನಡಿಸಬಹುದು. ಸ್ವೀಡಿಷ್ ಭಾಷೆಯಲ್ಲಿ ಇದಕ್ಕೆ ಮುಂಚೆ ಅಡಿಗೆಯ ಪುಸ್ತಕಗಳು ಇರಲಿಲ್ಲವೆಂದಲ್ಲ. ಇದರ ಹೆಚ್ಚುಗಾರಿಕೆ ವ್ಯಾಪ್ತಿಯಲ್ಲಿದೆ, ಸ್ಪಷ್ಟತೆಯಲ್ಲಿದೆ. ಮಾಂಸ, ಮೀನು, ತರಕಾರಿ, ಸಿಹಿಭಕ್ಷ್ಯ, ರೊಟ್ಟಿ, ಹಣ್ಣುಗಳನ್ನು ಕೆಡದಂತೆ ಇಡುವ ವಿಧಾನ ಇವಲ್ಲದೆ ನೂಲಿಗೆ ಬಣ್ಣಕಟ್ಟುವ ವಿಷಯಕ್ಕೂ ಅದರಲ್ಲಿ ಸ್ಥಳ ದೊರೆಯಿತು. ಅನುಭವವಿಲ್ಲದ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತಿದ್ದಾಳೆ, ಅವಳ ಕೈಯನ್ನು ಹಿಡಿದು ನಡೆಸಬೇಕು ಎಂಬ ಎಚ್ಚರ ಬರವಣಿಗೆಯ ಹಿಂದಿದೆ. ಮೂವತ್ತು ವರ್ಷಗಳ ಕಾಲ ಅಂಥ ಹುಡುಗಿಯರಿಗೆ ಬಾಯಲ್ಲಿ ಹೇಳಿದ್ದನ್ನೇ ಈಗ ಕಾಗದಕ್ಕೆ ಇಳಿಸಿದಂತೆ ನನಗೆ ಕಾಣುತ್ತದೆ. ಕಲಿಸುವುದೇ ವೃತ್ತಿಯಾದವರಿಗೆ ಈ ಗುಣ ಬೇಗ ಗೋಚರವಾಗುತ್ತದೆ. ವಿಷಯವನ್ನು ಬಲ್ಲವರು ಅನೇಕರು, ಬಾರದವರಿಗೆ ಎಲ್ಲಿ ಕಾಲು ಎಡವುತ್ತದೆಂಬುದನ್ನು ಬಲ್ಲವರು ಕೆಲವರು.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಇದು ಬಡವರ ಪುಸ್ತಕವಲ್ಲ. ಕೆನೆ, ಬೆಣ್ಣೆ, ಮೊಟ್ಟೆ ಧಾರಾಳವಾಗಿ ಬೀಳುವ, ಬಾದಾಮಿ, ದ್ರಾಕ್ಷಾರಸ, ಸಕ್ಕರೆಗಳನ್ನು ಕೊಳ್ಳಬಲ್ಲ ಮನೆಗಳ ಅಡಿಗೆ ಇದು. ಗುಡಿಸಲಿನ ರೈತಹೆಂಗಸಿನ ಪಾಲಿಗೆ ಉಪ್ಪುಮೀನು, ಗಂಜಿ, ಗಟ್ಟಿರೊಟ್ಟಿಗಳ ಆಚೆಗಿನ ಲೋಕ.

ಪುಸ್ತಕದೊಳಗೆ ದೂರದೇಶಗಳ ಹೆಜ್ಜೆಗುರುತುಗಳೂ ಇವೆ. ಪೊಲ್ಟಾವದಲ್ಲಿ ಸೋತ ಕಾರ್ಲ್ ದೊರೆ ಐದು ವರ್ಷ ತುರ್ಕರ ಆಶ್ರಯದಲ್ಲಿದ್ದು ಬಹಳ ಸಾಲ ಮಾಡಿದ; ಸಾಲಕೊಟ್ಟವರು ವಸೂಲಿಗಾಗಿ ಸ್ಟಾಕ್‌ಹೋಮಿನವರೆಗೂ ಬಂದರು. ದ್ರಾಕ್ಷಿಯ ಎಲೆಯಲ್ಲಿ ಮಾಂಸವನ್ನೂ ಅಕ್ಕಿಯನ್ನೂ ಸುತ್ತಿ ಬೇಯಿಸುವ ದೊಲ್ಮ ಸ್ವೀಡನ್ನಿಗೆ ಬಂದದ್ದು ಈ ಸಂಪರ್ಕದಿಂದ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಕೈಸಾಳ ಪುಸ್ತಕದಲ್ಲಿ ಅದರ ವಿಧಾನವಿದೆ. ಆದರೆ ಆ ಚಳಿನಾಡಿನಲ್ಲಿ ದ್ರಾಕ್ಷಿಯ ಎಲೆ ಎಲ್ಲರಿಗೂ ಎಲ್ಲಿಂದ ಬರಬೇಕು? ಅದಿಲ್ಲದಿದ್ದರೆ ಕೋಸಿನ ಎಲೆ ಆದೀತೆಂದು ಆಕೆ ಸೂಚಿಸುತ್ತಾಳೆ. ಕೋಸಿನ ಆ ಸುರುಳಿಯೇ ಕೋಲ್‌ದೊಲ್ಮಾರ್ ಎಂಬ ಹೆಸರಿನಲ್ಲಿ ಇಂದು ಸ್ವೀಡನ್ನಿನ ಮನೆಯಡಿಗೆಯಾಗಿ ನಿಂತಿದೆ. ಸ್ವೀಡನ್ನಿನ ಮಾಂಸದುಂಡೆಯ ಹಳೆಯ ಉಲ್ಲೇಖಗಳಲ್ಲಿ ಒಂದು ಇದೇ ಪುಸ್ತಕದಲ್ಲಿದೆ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಸ್ವೀಡಿಷ್ ಪೀಠೋಪಕರಣದ ಮಳಿಗೆಯಲ್ಲಿ ಆ ಉಂಡೆಗಳ ಕೋಳಿಮಾಂಸದ ರೂಪವನ್ನು ತಿಂದವರು ನಮ್ಮಲ್ಲಿಯೂ ಇದ್ದಾರೆ.

ನಮಗೂ ಆ ದೇಶದ ಒಲೆಗೂ ಇನ್ನೂ ಹಳೆಯದೊಂದು ನಂಟಿದೆ, ಅದು ಏಲಕ್ಕಿಯದು. ಸ್ವೀಡನ್ನಿನ ಗೋದಿಯ ಸಿಹಿರೊಟ್ಟಿಯಲ್ಲಿ ಇಂದಿಗೂ ಎದ್ದು ಬರುವ ಪರಿಮಳ ಅದೇ. ಈಗ ಲೋಕಕ್ಕೆ ಏಲಕ್ಕಿಯನ್ನು ಹೆಚ್ಚಾಗಿ ಒದಗಿಸುತ್ತಿರುವ ಗ್ವಾಟೆಮಾಲಕ್ಕೆ ಆ ಬೆಳೆ ಹೋದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕೈಸಾಳ ಕಾಲದಲ್ಲಿ ಅದರ ಮುಖ್ಯ ತವರು ನಮ್ಮ ಸಹ್ಯಾದ್ರಿಯ ಕಾಡುಗಳು. ಕೊಡಗು, ಮಲೆನಾಡು, ಮಲೆಯಾಳಗಳ ತಂಪಿನಲ್ಲಿ ಬೆಳೆದ ಕಾಯಿ ಹಡಗು ಹಡಗು ದಾಟಿ ಬಾಲ್ಟಿಕ್ ತೀರದ ಅಡಿಗೆಮನೆಗಳ ಒರಳನ್ನು ಸೇರುತ್ತಿತ್ತು. ಅದನ್ನು ಬಿಡಿಸಿದ ಕೈಗಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಪುಸ್ತಕ ಬಂದ ಮರುವರ್ಷವೇ, 1756ರಲ್ಲಿ, ಸರ್ಕಾರ ಕಾಫಿಯನ್ನು ನಿಷೇಧಿಸಿತು. ಆ ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದೆ ಮತ್ತೆ ಮತ್ತೆ ಬಂದು ಹೋಯಿತು. ಕೈಸಾಳ ಪುಸ್ತಕ ಮಾತ್ರ ಎಲ್ಲಿಯೂ ನಿಲ್ಲದೆ ಮುನ್ನಡೆಯಿತು. ಒಟ್ಟು ಹದಿನಾಲ್ಕು ಮುದ್ರಣಗಳನ್ನು ಕಂಡು, ಕೊನೆಯದು 1822ರಲ್ಲಿ ಹೊರಟಿತು. ಜರ್ಮನ್, ಡೇನಿಷ್ ಭಾಷೆಗಳಿಗೆ ಅನುವಾದವಾಯಿತು. 1781ರಲ್ಲಿ ಯೋಹಾನ್ ಲಿಥಾಂಡರ್ ಎಂಬ ಪಾದ್ರಿ ಅದನ್ನು ಎಸ್ತೋನಿಯನ್ ಭಾಷೆಗೆ ತಂದಾಗ, ಆ ಭಾಷೆಯ ಮೊದಲ ಅಡಿಗೆಪುಸ್ತಕವೆಂಬ ಹಿರಿಮೆ ಅದಕ್ಕೆ ದೊರೆಯಿತು. ಆ ಕೀರ್ತಿಯನ್ನು ಕಾಣಲು ಆಕೆ ಇರಲಿಲ್ಲ. 1769ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ, ಅರವತ್ತಾರು ತುಂಬುವುದಕ್ಕೆ ಮುಂಚೆಯೇ, ಆಕೆಯ ಬಾಳು ಮುಗಿದಿತ್ತು. ಅದಾದ ಎರಡು ವರ್ಷಕ್ಕೆ ಅಡಾಲ್ಫ್ ಫ್ರೆಡ್ರಿಕ್ ದೊರೆ ಭಾರಿ ಊಟದ ಕೊನೆಯಲ್ಲಿ ಬಿಸಿಹಾಲಿನ ಉಬ್ಬುರೊಟ್ಟಿಯನ್ನು ತಿಂದು ಸತ್ತನೆಂಬ ಕಥೆಯನ್ನು ಸ್ವೀಡನ್ನಿನ ಮಕ್ಕಳೆಲ್ಲ ಬಲ್ಲರು. ದೊರೆ ತಿಂದು ನೆನಪಾಗಿ ಉಳಿದ. ಕೈಸಾ ಮಾಡಿ ಉಳಿದಳು.

ಉಳಿದಳೇನೋ ನಿಜ, ಆದರೆ ಹೇಗೆ? ಇಲ್ಲಿಯೇ ಆಕೆಯ ಕಥೆಯ ಸಿಕ್ಕಿರುವುದು. ಅಡಿಗೆಮನೆಯಲ್ಲಿ ಏನಾದರೂ ಕಡಮೆಬಿದ್ದಾಗ, ಇದ್ದುದನ್ನು ಹಾಕಿ ಮಾಡಿಕೊಂಡರಾಯಿತು ಎಂಬ ಅರ್ಥದ ಮಾತೊಂದನ್ನು ಸ್ವೀಡನ್ನಿನವರು ಆಕೆಯ ಹೆಸರಿಗೆ ಅಂಟಿಸಿ ಹೇಳುತ್ತಾರೆ. ಪುಸ್ತಕವನ್ನು ಎಂದೂ ತೆರೆಯದವರಿಗೂ ಆ ಮಾತು ಗೊತ್ತು. ಹುಡುಕಿದವರು ಹೇಳುವುದೇನೆಂದರೆ, ಆ ಮಾತು ಆಕೆಯ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಇಷ್ಟು ಮೊಟ್ಟೆ, ಇಷ್ಟು ಬೆಣ್ಣೆ, ಇಷ್ಟು ಹೊತ್ತು ಎಂದು ಅಳೆದು ತೂಗಿ ಬರೆದವಳನ್ನು ಜನ ಕೈಗೆ ಸಿಕ್ಕಿದ್ದನ್ನು ಹಾಕುವವಳೆಂದು ನೆನೆಯುವುದು ಒಂದು ಅನ್ಯಾಯವೇ. ಕುಶಲ ವಿದ್ಯೆಯೊಂದು ಹೆಂಗಸಿನ ಕೈಯಲ್ಲಿ, ಅದರಲ್ಲಿಯೂ ಸಂಬಳದ ಹೆಂಗಸಿನ ಕೈಯಲ್ಲಿ ಇದ್ದಾಗ, ಲೋಕ ಅದನ್ನು ವಿದ್ಯೆಯೆಂದು ಒಪ್ಪದೆ ಉಪಾಯವೆಂದು ಕರೆದು ಮುಗಿಸುತ್ತದೆ. ಲಿನೇಯಸನ ಎಣಿಕೆ ಶಾಸ್ತ್ರವಾಯಿತು. ಕೈಸಾಳ ಎಣಿಕೆ ಗಾದೆಯಾಯಿತು.

ಆದರೂ ಆ ಗಾದೆಯನ್ನು ಪೂರ್ತಿಯಾಗಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಕೋಸಿನ ಎಲೆಯನ್ನು ನೆನೆದಾಗ, ಜನ ಆಕೆಯ ಬಾಯಲ್ಲಿ ಇಟ್ಟ ಮಾತು ಆಕೆಯ ಕೈಗೆ ಅಷ್ಟೇನೂ ಪರಕೀಯವಾಗಿರಲಿಲ್ಲವೆಂದು ತೋರುತ್ತದೆ. ದ್ರಾಕ್ಷಿಯ ಎಲೆ ಏನು ಮಾಡುತ್ತದೆ, ಅದರ ಕೆಲಸವನ್ನು ಕೋಸಿನ ಎಲೆ ಎಷ್ಟರಮಟ್ಟಿಗೆ ಮಾಡಬಲ್ಲದು ಎಂಬುದನ್ನು ತಿಳಿದವರು ಮಾತ್ರ ಒಂದರ ಬದಲು ಇನ್ನೊಂದನ್ನು ಧೈರ್ಯವಾಗಿ ಹಾಕಬಲ್ಲರು. ತಿಳಿಯದವರು ಹಾಕಿದರೆ ಅಡಿಗೆ ಕೆಡುತ್ತದೆ. ಇದ್ದುದರಲ್ಲಿ ಮಾಡುವುದಕ್ಕೆ ಎಲ್ಲಕ್ಕಿಂತ ಹೆಚ್ಚು ವಿದ್ಯೆ ಬೇಕು. ಆರು ತಿಂಗಳ ಚಳಿಯನ್ನು ಪ್ರತಿವರ್ಷ ದಾಟಿದ ಆ ನಾಡಿನ ಹೆಂಗಸರೆಲ್ಲ ಇದನ್ನು ಬಲ್ಲವರಾಗಿದ್ದರು. ಅವರ ಪರವಾಗಿ ಅಚ್ಚಿನಲ್ಲಿ ತನ್ನ ಹೆಸರು ನಿಲ್ಲಿಸುವ ಯೋಗ ಕೈಸಾಳಿಗೆ ಒದಗಿತು.

ಸ್ವಂತ ಮನೆವಾರ್ತೆ ಹೂಡದೆಯೇ ಬಾಳಿದ ಈಕೆ ಎಷ್ಟೋ ಸಾವಿರ ಮನೆಗಳ ಒಲೆಯ ಪಕ್ಕದಲ್ಲಿ, ಬೆಣ್ಣೆಯ ಕೈ ಮುಟ್ಟಿ ಮಾಸಿದ ಹಾಳೆಗಳ ರೂಪದಲ್ಲಿ, ಎರಡು ತಲೆಮಾರುಗಳ ಕಾಲ ನೆಲೆನಿಂತಳು. ಅಡಿಗೆಯನ್ನು ಬರೆದರೆ ಸಾಹಿತ್ಯ ಹೇಗಾದೀತು ಎಂದು ಕೇಳುವ ವಿದ್ಯಾರ್ಥಿಗೆ ನಾನು ಈಗ ಕೊಡುವ ಉತ್ತರ ಚಿಕ್ಕದು. ಬರೆದವರ ಬಾಳೆಲ್ಲ ಹರಳುಗಟ್ಟಿದ ಗದ್ಯ, ಅದರ ವಿಷಯ ಏನೇ ಆಗಿರಲಿ, ಓದುವವರ ಗೌರವಕ್ಕೆ ಅರ್ಹ. ಹಾಗೆ ಓದಿದಾಗ ಮೀನು ನೆನೆಹಾಕುವ ಕ್ರಮದ ಹಿಂದೆ ಡಿಸೆಂಬರಿನ ಕತ್ತಲೆಯೂ, ತಣ್ಣೀರಿನಲ್ಲಿ ಕೆಂಪಾದ ಎರಡು ಕೈಗಳೂ ಕಾಣಿಸಿಕೊಳ್ಳುತ್ತವೆ.